ಮೂವತ್ತು ಮಂದಿಯನ್ನು ಕಂಟ್ರೋಲ್ ಮಾಡುವವರು

ಬೆಳಗಾವಿಯ ಉದ್ಯಮಬಾಗಿನಲ್ಲಿ ಜನರಲ್ ಶಿಫ್ಟ್ ಬಿಟ್ಟ ಮೇಲೆ ವಾರಕ್ಕೆ ಮೂರು ಸಂಜೆ ನಾನು ಇಂಗ್ಲಿಷ್ ಪಾಠ ಹೇಳುತ್ತೇನೆ. ಬರುವವರಲ್ಲಿ ಹೆಚ್ಚಿನವರು ಫೌಂಡ್ರಿಗಳಲ್ಲಿ, ಹೈಡ್ರಾಲಿಕ್ಸ್ ಬಿಡಿಭಾಗ ಮಾಡುವ ಘಟಕಗಳಲ್ಲಿ ಹತ್ತು ಹದಿನೈದು ವರ್ಷ ದುಡಿದು ಸೂಪರ್ವೈಸರ್ ಆದವರು. ಸೋಪು ಹಚ್ಚಿ ಕೈ ತೊಳೆದುಕೊಂಡೇ ಬಂದಿರುತ್ತಾರೆ, ಆದರೂ ಉಗುರಿನ ಸಂದಿಯಲ್ಲಿ ಮೋಲ್ಡಿಂಗ್ ಮರಳಿನ ಕಪ್ಪು ಉಳಿದಿರುತ್ತದೆ. ನೋಟ್‌ಬುಕ್ಕಿನ ಅಂಚಿನಲ್ಲಿ ಆ ಕಪ್ಪಿನ ಹೆಬ್ಬೆಟ್ಟು ಮೂಡಿರುತ್ತದೆ. ಹೋದ ಮಳೆಗಾಲದಲ್ಲಿ ಅವರಲ್ಲೊಬ್ಬರು ಬೇರೆ ಕಡೆ ಕೆಲಸಕ್ಕೆ ಅರ್ಜಿ ಹಾಕಬೇಕೆಂದು ತಮ್ಮ ಅನುಭವವನ್ನು ಒಂದು ಹಾಳೆಯಲ್ಲಿ ಬರೆದು ತಂದು ನನ್ನ ಮುಂದಿಟ್ಟರು. ಮೊದಲ ವಾಕ್ಯವೇ ‘ಐ ಕಂಟ್ರೋಲ್ ಥರ್ಟಿ ವರ್ಕರ್ಸ್’ ಎಂದಿತ್ತು. ಓದಿ ನಾನು ನಕ್ಕುಬಿಟ್ಟೆ, ನಗಬಾರದಿತ್ತು. ಅವರ ಮುಖ ಸಣ್ಣದಾಯಿತು. “ಯಾಕ್ರಿ ಸರ, ನನ್ನ ಕೈಕೆಳಗ ಮೂವತ್ತ ಮಂದಿ ಖರೇನ ಅದಾರ್ರಿ, ಸುಳ್ಳ ಬರದಿಲ್ಲ,” ಎಂದರು.

ಅವರು ಬರೆದದ್ದರಲ್ಲಿ ಸುಳ್ಳೂ ಇರಲಿಲ್ಲ, ವ್ಯಾಕರಣದ ದೋಷವೂ ಇರಲಿಲ್ಲ. ಆದರೆ ಅದನ್ನು ಓದುವ ಇಂಗ್ಲಿಷ್ ಬಲ್ಲವರ ಕಣ್ಣಿಗೆ ಮೂವತ್ತು ಜನರ ಮೂಗುದಾಣವನ್ನು ಒಂದೇ ಕೈಯಲ್ಲಿ ಹಿಡಿದು ನಿಂತ ಮನುಷ್ಯ ಕಾಣಿಸುತ್ತಾನೆ. ಆ ಭಾಷೆಯಲ್ಲಿ ಕಂಟ್ರೋಲ್ ಮಾಡುವುದು ವಾಲ್ವನ್ನು, ಫರ್ನೇಸಿನ ಶಾಖವನ್ನು, ಖರ್ಚನ್ನು, ತನ್ನ ಸಿಟ್ಟನ್ನು. ಮನುಷ್ಯರಿಗೆ ಅದೇ ಕ್ರಿಯಾಪದ ಹಚ್ಚಿದರೆ ಒಂದೋ ಅಲ್ಲಿ ಗಲಾಟೆ ನಡೆದಿರಬೇಕು, ಇಲ್ಲವೇ ಹೇಳುವವನ ಸ್ವಭಾವದಲ್ಲಿ ಏನೋ ಐಬು ಇರಬೇಕು. ಇದನ್ನೆಲ್ಲ ವಿವರಿಸಿ ‘ಸೂಪರ್ವೈಸ್’ ಎಂದು ತಿದ್ದಿದೆ. “ಡಿಕ್ಷನರಿ ಒಳಗ ಎಲ್ಲಾದಕ್ಕೂ ನಿಯಂತ್ರಿಸು, ನಿರ್ವಹಿಸು ಅಂತನ ಐತೆಲ್ರಿ,” ಎಂದು ಅವರು ಮೊಬೈಲ್ ತೆರೆದು ತೋರಿಸಿದರು. ಮ್ಯಾನೇಜ್, ಕಂಟ್ರೋಲ್, ಡೈರೆಕ್ಟ್, ರೆಗ್ಯುಲೇಟ್, ಗವರ್ನ್ ಎಂಬ ಐದು ಪದಗಳಿಗೂ ಆ ನಿಘಂಟು ಮೂರೇ ಕನ್ನಡ ಪದಗಳನ್ನು ಸರದಿಯ ಮೇಲೆ ಹಂಚಿತ್ತು. ನಿಘಂಟು ಬರೆದವರು ಊರಲ್ಲಿ ಆಳು ಹಚ್ಚಿ ಹೊಲದ ಕೆಲಸ ಮಾಡಿಸಿದವರಲ್ಲವೇನೋ ಎಂದು ನನಗೆ ಮೊದಲಿನಿಂದಲೂ ಅನುಮಾನವಿದೆ.

ಕಂಟ್ರೋಲ್ ಎಂಬ ಪದದ ನಿಜವಾದ ಅರ್ಥವನ್ನು ನಾನು ಚಿಕ್ಕಂದಿನಲ್ಲೇ ಕಣ್ಣಾರೆ ಕಂಡಿದ್ದೆ ಎಂಬುದು ಅಂದು ರಾತ್ರಿ ಹೊಳೆಯಿತು. ನಮ್ಮೂರು ಮುಧೋಳ ತಾಲೂಕಿನಲ್ಲಿದೆ. ಬೆಳಗಾವಿಗೆ ಬರುವಾಗ ಯರಗಟ್ಟಿಯ ನಿಲ್ದಾಣದಲ್ಲಿ ಬಸ್ಸು ನಿಂತೊಡನೆ ಕಂಡಕ್ಟರ್ ವೇಬಿಲ್ ಹಿಡಿದು ಒಂದು ಕಿಂಡಿಯತ್ತ ಓಡುತ್ತಿದ್ದರು. ಕಿಂಡಿಯ ಒಳಗೆ ಕನ್ನಡಕದ ಹಿರಿಯರೊಬ್ಬರು, ಅವರ ಮುಂದೆ ಮೇಜಿನ ಅಗಲಕ್ಕೂ ಹರಡಿದ ರಿಜಿಸ್ಟರು. ಬೋರ್ಡಿನ ಮೇಲೆ ‘ಸಂಚಾರ ನಿಯಂತ್ರಕರು’ ಎಂದಿದ್ದರೂ ಎಲ್ಲರ ಬಾಯಲ್ಲಿ ಅವರು ಕಂಟ್ರೋಲರ್ ಸಾಹೇಬರೇ. ಅವರು ಬಸ್ಸು ಓಡಿಸುತ್ತಿರಲಿಲ್ಲ, ಯಾರ ಮೇಲೂ ದನಿ ಏರಿಸುತ್ತಿರಲಿಲ್ಲ. ಬಸ್ಸು ಬಂದ ವೇಳೆ, ಬಿಟ್ಟ ವೇಳೆ ಬರೆದುಕೊಂಡು, ಕಂಡಕ್ಟರರ ಕಾಗದದ ಮೇಲೊಂದು ಸಹಿ ಎಳೆಯುತ್ತಿದ್ದರು. ಆ ಸಹಿ ಬೀಳದೆ ಬಸ್ಸು ಕದಲುತ್ತಿರಲಿಲ್ಲ.

ಇಂಗ್ಲಿಷಿನ ಕಂಟ್ರೋಲ್ ಹುಟ್ಟಿದ್ದೂ ಹೀಗೆಯೇ. ಮಧ್ಯಯುಗದ ಫ್ರಾನ್ಸು, ಇಂಗ್ಲೆಂಡುಗಳಲ್ಲಿ ಲೆಕ್ಕಪತ್ರವನ್ನು ಸುರುಳಿಗಳ ಮೇಲೆ ಬರೆದಿಡುತ್ತಿದ್ದರು. ಒಬ್ಬ ಗುಮಾಸ್ತ ಬರೆದ ಸುರುಳಿಗೆ ಎದುರಾಗಿ ಇನ್ನೊಬ್ಬ ಅದೇ ಲೆಕ್ಕದ ಎರಡನೆಯ ಸುರುಳಿಯನ್ನು ಇಟ್ಟುಕೊಂಡಿರುತ್ತಿದ್ದ. ಮೊದಲನೆಯವನು ಅಂಕಿ ತಿರುಚಿದರೆ ಎರಡನೆಯದು ಹಿಡಿದುಕೊಡುತ್ತಿತ್ತು. ಲ್ಯಾಟಿನ್ನಿನಲ್ಲಿ ಆ ಎದುರು ಸುರುಳಿಗೆ ‘ಕಾಂಟ್ರಾ ರೊಟುಲುಸ್’ ಎಂದು ಹೆಸರು. ಅದೇ ಸವೆದು ಕಂಟ್ರೋಲ್ ಆಯಿತು. ನಮ್ಮ ಸಂವಿಧಾನದ 148ನೆಯ ವಿಧಿಯಲ್ಲಿ ಬರುವ ಸಿಎಜಿ, ಅಂದರೆ ‘ಕಂಪ್ಟ್ರೋಲರ್ ಅಂಡ್ ಆಡಿಟರ್ ಜನರಲ್’ ಎಂಬ ಹುದ್ದೆಯ ಮೊದಲ ಪದ ಈ ಸುರುಳಿಯವನದೇ. ಆ ಪದದ ನಡುವೆ ಒಂದು ‘ಪಿ’ ಅಕ್ಷರ ಸಿಕ್ಕಿಕೊಂಡಿರುವುದು ಎಣಿಕೆ ಎಂಬ ಅರ್ಥದ ಫ್ರೆಂಚ್ ಪದದೊಂದಿಗೆ ಹಿಂದಿನವರು ಗೊಂದಲ ಮಾಡಿಕೊಂಡಿದ್ದರಿಂದ. ಎಲ್ಲರ ಲೆಕ್ಕದ ತಪ್ಪು ಹುಡುಕುವ ಹುದ್ದೆಯ ಹೆಸರಿನಲ್ಲೇ ಹೀಗೊಂದು ತಪ್ಪು ಇಂದಿಗೂ ಕುಳಿತಿದೆ. ಕನ್ನಡದಲ್ಲೂ ‘ಅಂಕೆ’ ಎಂದರೆ ಹತೋಟಿಯೂ ಹೌದು, ಎಣಿಕೆಯೂ ಹೌದು. ಅಂಕೆಯಿಲ್ಲದ ಕಪಿ ಲಂಕೆ ಸುಟ್ಟ ಗಾದೆಯಲ್ಲಿ ಒಂದು ಅರ್ಥವಿದ್ದರೆ ಅಂಕೆ ಸಂಖ್ಯೆ ಎನ್ನುವಲ್ಲಿ ಇನ್ನೊಂದಿದೆ. ಪಡಿತರದ ಅಂಗಡಿಯಿಂದ ಬಂದ ಸಕ್ಕರೆಯನ್ನು ನಮ್ಮ ಅಜ್ಜಿ ಕೊನೆಯವರೆಗೂ ‘ಕಂಟ್ರೋಲ್ ಸಕ್ಕರಿ’ ಎನ್ನುತ್ತಿದ್ದಳು. ಓದು ಬಾರದ ಅವಳ ಬಾಯಲ್ಲಿ ಆ ಪದ ಮತ್ತೆ ಚೀಟಿ, ತೂಕ, ಲೆಕ್ಕಗಳ ಮೂಲ ಅರ್ಥಕ್ಕೇ ಮರಳಿತ್ತು.

ಮ್ಯಾನೇಜ್ ಎಂಬುದರ ಕಥೆ ಬೇರೆ. ಅದು ಇಟಲಿಯಲ್ಲಿ ಕುದುರೆ ಪಳಗಿಸುವವರ ಪದ, ಬೇರು ಲ್ಯಾಟಿನ್ನಿನ ‘ಮಾನುಸ್’, ಅಂದರೆ ಕೈ. ಕುದುರೆ ಮನುಷ್ಯನಿಗಿಂತ ಬಲವಾದ ಪ್ರಾಣಿ. ಅದನ್ನು ನಡೆಸಲು ಬೇಕಾದದ್ದು ಲಗಾಮಿನ ಮೇಲಿನ ಬೆರಳುಗಳ ಹದ. ಹಾಗಾಗಿಯೇ ಇಂಗ್ಲಿಷಿನಲ್ಲಿ ‘ಐ ವಿಲ್ ಮ್ಯಾನೇಜ್’ ಎಂದರೆ ಹೇಗೋ ಸಂಭಾಳಿಸಿಕೊಂಡು ಹೋಗುತ್ತೇನೆ ಎಂಬ ಅರ್ಥ ಉಳಿದಿದೆ, ಮತ್ತು ನಮ್ಮವರು “ಮ್ಯಾನೇಜ್ ಮಾಡ್ತೀನಿ ತಗೋರಿ” ಎನ್ನುವಾಗ ಆ ಅರ್ಥವನ್ನು ಬಹಳ ಸರಿಯಾಗಿ ಹಿಡಿದಿರುತ್ತಾರೆ. ಕನ್ನಡದಲ್ಲಂತೂ ಅಧಿಕಾರದ ಅರ್ಧ ಮಾತು ಕೈಯಲ್ಲೇ ಇದೆ: ಕೈಕೆಳಗೆ, ಕೈಮೀರಿ, ಕೈವಶ, ಮೇಲುಗೈ, ಕೈಯಾಳು. ನನ್ನ ವಿದ್ಯಾರ್ಥಿ ಮೊದಲ ದಿನ ಬಾಯಿಂದ ಹೇಳಿದ್ದು “ಕೈಕೆಳಗ” ಎಂದೇ. ಅದನ್ನು ಇಂಗ್ಲಿಷಿಗೆ ದಾಟಿಸುವಾಗ ಕೈ ಬಿಟ್ಟು ಸುರುಳಿ ಹಿಡಿದಿದ್ದರು.

ಕುದುರೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುತ್ತೇನೆ. ಗವರ್ನ್ ಎಂಬುದು ಹಡಗಿನ ಚುಕ್ಕಾಣಿ ಹಿಡಿಯುವುದಕ್ಕೆ ಗ್ರೀಕರಲ್ಲಿದ್ದ ಪದದಿಂದ ಬಂದದ್ದು. ಇದನ್ನು ಹೇಳಿದಾಗ ತರಗತಿಯಲ್ಲಿ ಯಾರೂ ಬೆರಗಾಗಲಿಲ್ಲ. ಅವರ ಪಾಲಿಗೆ ಗವರ್ನರ್ ಎಂದರೆ ಮೊದಲು ನೆನಪಾಗುವುದು ಡೀಸೆಲ್ ಎಂಜಿನ್ನಿನ ಭಾಗ, ಆಮೇಲೆ ರಾಜ್ಯಪಾಲರು. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಅಳವಡಿಸಿದ ಗವರ್ನರಿನಲ್ಲಿ ಎರಡು ಗುಂಡುಗಳು ಸುತ್ತುತ್ತಿದ್ದವು. ಯಂತ್ರ ಜೋರಾದಷ್ಟೂ ಅವು ದೂರ ಚಿಮ್ಮಿ ಉಗಿಯ ದಾರಿಯನ್ನು ಕಿರಿದುಗೊಳಿಸುತ್ತಿದ್ದವು. “ಹಂಗಾದ್ರ ಗವರ್ನರ್ ತಾ ಏನೂ ಓಡಸೂದಿಲ್ಲ, ಓಡೂದನ್ನ ಹದದಾಗ ಇಡ್ತೈತಿ,” ಎಂದು ಹಿಂದಿನ ಬೆಂಚಿನಿಂದ ಒಬ್ಬರು ಹೇಳಿದರು. ಬಸ್ ನಿಲ್ದಾಣದ ಹಿರಿಯರ ಬಗ್ಗೆಯೂ ಇದೇ ಮಾತು ಹೇಳಬಹುದಿತ್ತು.

ನಾನು ಅತಿ ಹೆಚ್ಚು ಸಮಯ ಕಳೆದದ್ದು ‘ಇನ್‌ಚಾರ್ಜ್’ ಎಂಬುದರ ಮೇಲೆ, ಏಕೆಂದರೆ ಅದು ಇಂಗ್ಲಿಷಿನಲ್ಲಿ ಒಂದು, ನಮ್ಮ ಕಚೇರಿಗಳಲ್ಲಿ ಇನ್ನೊಂದು. ಅಲ್ಲಿ ‘ಇನ್ ಚಾರ್ಜ್’ ಎಂದರೆ ಪೂರ್ತಿ ಹೊಣೆ ಹೊತ್ತವನು. ಅವನ ಮೇಲೆ ಆ ಕೆಲಸಕ್ಕೆ ಇನ್ನೊಬ್ಬನಿಲ್ಲ. ನಮ್ಮಲ್ಲಿ ‘ಇನ್‌ಚಾರ್ಜ್ ಹೆಡ್‌ಮಾಸ್ತರು’ ಎಂದರೆ ನಿಜವಾದ ಹೆಡ್‌ಮಾಸ್ತರು ಬರುವವರೆಗೆ ಬೀಗದ ಕೈ ಇಟ್ಟುಕೊಂಡವರು. ನಾನು ಓದಿದ ಹೈಸ್ಕೂಲಿನಲ್ಲಿ ಹಾಗೆ ಇನ್‌ಚಾರ್ಜ್ ಆದ ಗಣಿತದ ಸರ್ ಹೆಡ್‌ಮಾಸ್ತರರ ಕುರ್ಚಿಯಲ್ಲಿ ಒಂದು ದಿನವೂ ಕೂರಲಿಲ್ಲ. ಪಕ್ಕದಲ್ಲಿ ಕಬ್ಬಿಣದ ಕುರ್ಚಿ ಹಾಕಿಕೊಂಡು ಅಲ್ಲಿಂದಲೇ ಹಾಜರಿ ಪುಸ್ತಕಕ್ಕೆ ಸಹಿ ಮಾಡುತ್ತಿದ್ದರು. ಹಾಗಿದ್ದರೂ ಶಾಲೆಯ ಸೋರುವ ಮಾಡಿನಿಂದ ಹಿಡಿದು ಅಕ್ಕಿಯ ಚೀಲದವರೆಗೆ ಬೈಗುಳ ತಿಂದವರು ಅವರೇ. ಚಾರ್ಜ್ ಎಂಬ ಪದ ಲ್ಯಾಟಿನ್ನಿನಲ್ಲಿ ಬಂಡಿಗೆ ಹೇರು ಹೇರುವುದರಿಂದ ಬಂದಿದೆ. ಕನ್ನಡದಲ್ಲಿ ಅದಕ್ಕೆ ‘ಪ್ರಭಾರ’ ಎಂಬ ಪದ ಕಟ್ಟಿದವರು ಯಾರೋ, ಆ ಭಾರವನ್ನು ಬಹಳ ಚೆನ್ನಾಗಿ ಇಳಿಸಿಕೊಂಡಿದ್ದಾರೆ. ಅಧಿಕಾರವನ್ನು ‘ವಹಿಸಿಕೊಳ್ಳುವುದು’ ಎನ್ನುವಾಗಲೂ ಹೊರುವ ಕ್ರಿಯೆಯೇ ಇದೆ. ಕಬ್ಬಿನ ಹೇರು ಹೊತ್ತು ಏರು ಹತ್ತುವ ಎತ್ತುಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

‘ರೆಸ್ಪಾನ್ಸಿಬಿಲಿಟಿ’ಯಲ್ಲಿ ಇದಕ್ಕಿಂತ ಸೊಗಸಾದ ಹೊಂದಿಕೆಯಿದೆ. ಅದರ ಒಳಗಿರುವುದು ಉತ್ತರ ಕೊಡುವುದು ಎಂಬ ಅರ್ಥ. ನಮ್ಮ ‘ಜವಾಬ್ದಾರಿ’ಯ ಒಳಗಿರುವುದೂ ಜವಾಬೇ. ಪರ್ಷಿಯನ್ನಿನ ಕಡೆಯಿಂದ ಬಂದ ಪದ, ಲ್ಯಾಟಿನ್ನಿನ ಕಡೆಯಿಂದ ಬಂದ ಪದ, ಎರಡೂ ಒಂದೇ ಜಾಗಕ್ಕೆ ಬಂದು ನಿಂತಿವೆ: ಕೇಳಿದಾಗ ಉತ್ತರಿಸಬೇಕಾದವನು ಯಾರೋ ಅವನೇ ಜವಾಬ್ದಾರ. ಇದನ್ನು ಕರಿಹಲಗೆಯ ಮೇಲೆ ಬರೆದಾಗ ನಮ್ಮ ಮೂವತ್ತು ಮಂದಿಯವರು ತಮ್ಮ ನೋಟ್‌ಬುಕ್ಕಿನಲ್ಲಿ ಅದರ ಸುತ್ತ ಗೆರೆ ಎಳೆದುಕೊಂಡದ್ದನ್ನು ಗಮನಿಸಿದೆ.

ನಮ್ಮ ಭಾಗದ ಅಧಿಕಾರದ ಪದಗಳಲ್ಲಿ ಕನ್ನಡ ಸಂಸ್ಕೃತಗಳಷ್ಟೇ ಅಲ್ಲದೆ ವಿಜಯಪುರದ ಆದಿಲಶಾಹಿಯ ಛಾಯೆಯೂ ಇದೆ. 1686ರಲ್ಲಿ ಔರಂಗಜೇಬನ ಕೈಗೆ ಆ ರಾಜ್ಯ ಹೋಯಿತು, ಕಚೇರಿಯ ಭಾಷೆ ಹೋಗಲಿಲ್ಲ. ಮುಂದೆ ಮರಾಠರ, ಮುಂಬಯಿ ಪ್ರಾಂತದ ಆಡಳಿತದಲ್ಲೂ ಅದು ನಡೆದುಬಂತು. ನಮ್ಮ ಹಿರಿಯರಿಗೆ ತಹಶೀಲ್ದಾರರು ‘ಮಾಮಲೇದಾರ’, ಪಿಎಸ್ಐ ಈಗಲೂ ‘ಫೌಜದಾರ’. ಕಬ್ಬು ಕಡಿಯುವ ಗ್ಯಾಂಗಿನ ಮುಖಂಡ ‘ಮುಕಾದಮ’. ಅರಬ್ಬಿಯಲ್ಲಿ ಅದರ ಅರ್ಥ ಮುಂದೆ ಇರಿಸಲ್ಪಟ್ಟವನು ಎಂದು. ಇಂಗ್ಲಿಷಿನ ಪ್ರೆಸಿಡೆಂಟ್ ಎಂದರೂ ಮುಂದೆ ಕುಳಿತವನೇ, ಆದ್ದರಿಂದ ರಾಷ್ಟ್ರಪತಿಗೂ ಮುಕಾದಮನಿಗೂ ಪದದ ಮಟ್ಟಿಗೆ ದೊಡ್ಡ ಅಂತರವಿಲ್ಲ. ಒಬ್ಬರು ಕುಳಿತಿದ್ದಾರೆ, ಇನ್ನೊಬ್ಬನಿಗೆ ಕೂರಲು ಪುರುಸೊತ್ತಿಲ್ಲ. ಆದರೆ ಈ ಪೈಕಿ ನನ್ನ ಮೆಚ್ಚಿನ ಪದ ‘ಅಮಲು’. ಆಡಳಿತ ನಡೆಸುವುದು ಅಮಲು, ನಡೆಸುವವನು ಅಮಲ್ದಾರ. ಕುಡಿದವನ ತಲೆಗೇರುವುದೂ ಅಮಲೇ. ಇಂಗ್ಲಿಷಿನವರು ಅಧಿಕಾರದ ಮದ ಎನ್ನಲು ಎರಡು ಪದ ಕೂಡಿಸಬೇಕು, ನಮಗೆ ಒಂದೇ ಸಾಕು.

ಅಧಿಕಾರದ ಹೆಸರು ಎಷ್ಟು ಸಣ್ಣದಾಗಿ ಕೇಳಿಸಬಹುದು ಎಂಬುದಕ್ಕೆ ನಮ್ಮ ಜಿಲ್ಲೆಯ ಕಿತ್ತೂರಿಗಿಂತ ಬೇರೆ ನಿದರ್ಶನ ಬೇಕಿಲ್ಲ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಕೋಟೆಯ ಮುಂದೆ ಸತ್ತ ಥ್ಯಾಕರೆಯ ಹುದ್ದೆ ಧಾರವಾಡದ ಕಲೆಕ್ಟರ್, ಜೊತೆಗೆ ಪೊಲಿಟಿಕಲ್ ಏಜೆಂಟ್. ಕಲೆಕ್ಟರ್ ಎಂದರೆ ವಸೂಲಿ ಮಾಡುವವ. ಏಜೆಂಟ್ ಎಂದರೆ ಇನ್ನೊಬ್ಬರ ಪರವಾಗಿ ಕೆಲಸ ಮಾಡುವವ. ಈ ಎರಡು ಬಡ ಹೆಸರುಗಳನ್ನು ಹೊತ್ತ ಮನುಷ್ಯ ಒಂದು ಸಂಸ್ಥಾನ ಯಾರನ್ನು ದತ್ತು ತೆಗೆದುಕೊಳ್ಳಬಹುದು, ಯಾರನ್ನು ಕೂಡದು ಎಂದು ಹೇಳಲು ಬಂದಿದ್ದ. ಇಂಗ್ಲಿಷರು ಅಧಿಕಾರಕ್ಕೆ ತಗ್ಗಿದ ಹೆಸರಿಡುವುದರಲ್ಲಿ ನಿಸ್ಸೀಮರು. ಮಿನಿಸ್ಟರ್ ಎಂಬುದು ಲ್ಯಾಟಿನ್ನಿನಲ್ಲಿ ‘ಕಡಿಮೆ’ ಎಂಬ ಪದದ ಸಂಬಂಧಿ, ಅಂದರೆ ಸೇವಕ. ಮಾಸ್ಟರ್ ಎಂಬುದು ‘ಹೆಚ್ಚು’ ಎಂಬುದರ ಸಂಬಂಧಿ. ಹಾಗೆ ನೋಡಿದರೆ ನಮ್ಮೂರ ಕನ್ನಡ ಶಾಲೆಯ ಮಾಸ್ತರರು ಮಂತ್ರಿಗಿಂತ ದೊಡ್ಡವರಾಗಬೇಕಿತ್ತು.

ಚಳಿಗಾಲದ ಅಧಿವೇಶನ ಬಂದರೆ ನನ್ನ ತರಗತಿಗೆ ಪದಗಳ ಸುಗ್ಗಿ. 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ ಊರ ಹೊರಗಿದ್ದರೂ ಆ ದಿನಗಳಲ್ಲಿ ಅದರ ಸುದ್ದಿ ಚಹಾದ ಅಂಗಡಿಯವರೆಗೂ ಬರುತ್ತದೆ. ಸ್ಪೀಕರ್ ಎಂದು ಹೆಸರಿಟ್ಟುಕೊಂಡು ತಾವು ಮಾತನಾಡದೆ ಬೇರೆಯವರನ್ನು ಸುಮ್ಮನಿರಿಸುವುದು ಯಾಕೆ ಎಂದು ಒಬ್ಬರು ಕೇಳಿದರು. ಇಂಗ್ಲೆಂಡಿನಲ್ಲಿ 1377ರಿಂದ ಆ ಹೆಸರು ಪಡೆದವನ ಕೆಲಸ ಜನಪ್ರತಿನಿಧಿಗಳ ಪರವಾಗಿ ಅರಸನ ಮುಂದೆ ಮಾತನಾಡುವುದಾಗಿತ್ತು. ‘ವಿಪ್’ ಎಂಬುದನ್ನು ವಿವರಿಸಲು ನನಗೆ ಹುಮ್ಮಸ್ಸು ಹೆಚ್ಚು, ಯಾಕೆಂದರೆ ನಾನು ಮುಧೋಳದ ಕಡೆಯವನು, ಬೇಟೆನಾಯಿ ನಮಗೆ ಹೊಸದಲ್ಲ. ಬೇಟೆಯ ವೇಳೆ ನಾಯಿಗಳ ಹಿಂಡು ಚದುರದಂತೆ ಚಾವಟಿ ಹಿಡಿದು ನೋಡಿಕೊಳ್ಳುವವನ ಹೆಸರೇ ಪಕ್ಷದ ಶಾಸಕರನ್ನು ಒಗ್ಗೂಡಿಸುವವರಿಗೆ ಬಂದದ್ದು. ಕನ್ನಡದಲ್ಲಿ ಅವರನ್ನು ‘ಸಚೇತಕ’ ಎಂದು ಕರೆದು ನಾವು ಚಾವಟಿಯನ್ನು ಮುಚ್ಚಿಟ್ಟೆವು. ಇದೊಂದು ಕಡೆ ಇಂಗ್ಲಿಷೇ ಹೆಚ್ಚು ಪ್ರಾಮಾಣಿಕ ಎಂದು ನನ್ನ ಅಭಿಪ್ರಾಯ.

ಉಳಿದ ಕಡೆ ಆ ಭಾಷೆ ಅಧಿಕಾರವನ್ನು ಅಡಗಿಸಿಡುತ್ತದೆ, ಕಲಿಯುವವರಿಗೆ ನಿಜವಾದ ಕಷ್ಟ ಅಲ್ಲಿದೆ. ಪದ ಕಲಿಯಬಹುದು, ಪದವೇ ಇಲ್ಲದ ಆಜ್ಞೆಯನ್ನು ಗುರುತಿಸುವುದು ಹೇಗೆ? ನನ್ನ ಇನ್ನೊಬ್ಬ ವಿದ್ಯಾರ್ಥಿ ವಿದೇಶದ ಗ್ರಾಹಕರೊಂದಿಗೆ ವಿಡಿಯೊ ಕರೆಯಲ್ಲಿದ್ದಾಗ ಆ ಕಡೆಯವರು ಬಹಳ ಮೃದುವಾಗಿ ‘ವುಡ್ ಯು ಲೈಕ್ ಟು ಸೆಂಡ್ ಅಸ್ ದ ರಿಪೋರ್ಟ್ ಬೈ ಫ್ರೈಡೇ?’ ಎಂದರಂತೆ. ಇಷ್ಟವೇ ಎಂದು ಕೇಳುತ್ತಿದ್ದಾರೆಂದು ತಿಳಿದ ಇವರು ಅಷ್ಟೇ ವಿನಯದಿಂದ ‘ನೋ ಸರ್, ಮಂಡೇ’ ಎಂದರು. ಆ ಕಡೆ ಒಂದು ಗಳಿಗೆ ಮೌನ. ಮರುದಿನ ಬೆಳಗ್ಗೆ ಮೇಲಿನಿಂದ ಬಂದ ಮೇಲ್ ಇವರ ಹೊಟ್ಟೆ ತಳಮಳಿಸುವಂತಿತ್ತು. “ಶುಕ್ರವಾರ ಬೇಕ ಅಂದಿದ್ರ ರಾತ್ರಿ ಕುಂತ ಮಾಡ್ತಿದ್ದೆ. ಲೈಕ್ ಅಂದ್ರ ಮತ್ತ ಏನ ತಿಳಕೊಬೇಕ್ರಿ?” ಎಂಬ ಅವರ ಪ್ರಶ್ನೆಗೆ ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ‘ಯು ಮೈಟ್ ವಾಂಟ್ ಟು ಚೆಕ್ ದಿಸ್’ ಎಂದರೆ ಈಗಲೇ ನೋಡು ಎಂದು, ‘ವಿತ್ ರೆಸ್ಪೆಕ್ಟ್’ ಎಂದು ಶುರುವಾದರೆ ಮುಂದೆ ಬರುವುದರಲ್ಲಿ ಗೌರವ ಕಡಿಮೆ ಎಂದು ಬರೆಸಿದೆ.

ನಾವೂ ಆಜ್ಞೆಯನ್ನು ಹೀಗೆ ಮೆತ್ತಗೆ ಮಾಡುತ್ತೇವೆ, ಆದರೆ ಅದನ್ನು ಪ್ರಶ್ನೆಯ ವೇಷದಲ್ಲಿ ಕಳಿಸುವುದಿಲ್ಲ. ‘ಮಾಡು’ ಎಂಬುದಕ್ಕೆ ಒಂದು ‘ರಿ’ ಹಚ್ಚಿದರೆ ಮುಗಿಯಿತು. ‘ಮಾಡ್ರಿ’ ಎಂದಾಗ ಮಾಡಲೇಬೇಕು ಎಂಬುದೂ, ನಿನ್ನ ಮರ್ಯಾದೆ ಉಳಿದಿದೆ ಎಂಬುದೂ ಒಟ್ಟಿಗೆ ತಿಳಿಯುತ್ತದೆ. ವಯಸ್ಸಾದ ಕೆಲಸಗಾರನಿಗೆ ‘ಕಾಕಾ, ಅದನ್ನೊಂದೀಟ ಸರಸ್ರಿ’ ಎನ್ನುವ ಇಪ್ಪತ್ತೈದರ ಸೂಪರ್ವೈಸರ್ ಆಜ್ಞೆಯನ್ನೇ ಕೊಟ್ಟಿರುತ್ತಾನೆ, ಆದರೆ ತಾನು ಮಗನ ವಯಸ್ಸಿನವನು ಎಂದು ಒಪ್ಪಿಕೊಂಡು ಕೊಟ್ಟಿರುತ್ತಾನೆ. ಲೇಡಲ್ಲಿನಲ್ಲಿ ಕಾದ ಕಬ್ಬಿಣ ಬರುವಾಗ ಮಾತ್ರ ಕಾಕಾನೂ ಇಲ್ಲ, ರಿ ಕೂಡ ಇಲ್ಲ, “ಸರಿ! ಸರಿ!” ಎಂಬ ಒಂದೇ ಕೂಗು, ಮತ್ತು ಅದಕ್ಕೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ತರಗತಿಯಲ್ಲಿ ಒಬ್ಬಳೇ ಹುಡುಗಿ ಇದ್ದಾಳೆ, ಕ್ವಾಲಿಟಿ ವಿಭಾಗದವಳು. ಅಳತೆ ತಪ್ಪಿದ ಮಾಲನ್ನು ಅವಳು ತಿರುಗಿ ಕಳಿಸಿದಾಗಲೆಲ್ಲ ಮೆಷಿನ್ ಶಾಪಿನ ಗಂಡಸರು ‘ಬಾಸಿ’ ಎನ್ನುತ್ತಾರಂತೆ. ಬಾಸ್ ಎಂಬುದು ಡಚ್ ಪದ. ಅಮೆರಿಕದ ಕೆಲಸಗಾರರಿಗೆ ಗುಲಾಮಗಿರಿಯ ವಾಸನೆಯಿದ್ದ ಮಾಸ್ಟರ್ ಎಂಬ ಪದ ಬೇಡವಾಗಿತ್ತು, ಅದರ ಜಾಗಕ್ಕೆ ಇದು ಬಂತು. ಗಂಡಸನ್ನು ಬಾಸ್ ಎಂದರೆ ಹೊಗಳಿಕೆ. ಹೆಣ್ಣಿಗೆ ಬರುವಾಗ ಅದೇ ಪದ ಬಾಲ ಬೆಳೆಸಿಕೊಂಡು ದೂರು ಆಗುತ್ತದೆ. ನಮ್ಮಲ್ಲಿ ‘ಭಾಳ ಕಾರಬಾರ ಮಾಡ್ತಾಳ’ ಎನ್ನುವುದೂ ಅದೇ ಜಾತಿಯ ಮಾತು. ಆದರೆ ಅವಳಿಗೆ ನಾನು ಹೇಳಿದ್ದು ಬೇರೆ. ಲಾರ್ಡ್ ಎಂಬ ಪದ ಹಳೆಯ ಇಂಗ್ಲಿಷಿನಲ್ಲಿ ರೊಟ್ಟಿ ಕಾಯುವವ ಎಂಬುದರಿಂದ ಬಂದದ್ದು, ಲೇಡಿ ಎಂಬುದು ರೊಟ್ಟಿಗೆ ಹಿಟ್ಟು ನಾದುವವಳು ಎಂಬುದರಿಂದ. ಅವಳು ಜೋರಾಗಿ ನಕ್ಕಳು. “ಹಂಗಿದ್ರ ನಮ್ಮವ್ವ ದೊಡ್ಡ ಲೇಡಿ ಆದ್ಲಲ್ರಿ, ಇಪ್ಪತ್ತ ಮಂದಿಗೆ ಬಡೀತಾಳ. ಅಪ್ಪ ಮಾತ್ರ ಕಾಯೂದಿಲ್ಲ, ತಿಂತಾನ.” 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ಅರ್ಜಿಯಲ್ಲಿ ಅವಳ ಅವ್ವನನ್ನು ಮೊದಲ ಸಲ ಕಾಗದದ ಮೇಲೆ ‘ಮನೆಯ ಯಜಮಾನಿ’ ಎಂದು ಬರೆದಿದ್ದರಂತೆ. ಯಜಮಾನಿ ಎಂದರೆ ಯಜಮಾನನ ಹೆಂಡತಿ ಎಂದೇ ತಿಳಿದಿದ್ದ ಆಕೆ, ಹಾಗಾದರೆ ಅವರ ಹೆಸರು ಯಾವ ಸಾಲಿನಲ್ಲಿ ಬರೀತೀರಿ ಎಂದು ಅರ್ಜಿ ತುಂಬುವವನನ್ನೇ ಕೇಳಿದಳಂತೆ.

ನಾಯಕ, ನೇತಾರ ಎಂಬ ಪದಗಳು ‘ನಯ’, ‘ವಿನಯ’ಗಳ ಧಾತುವಿನಿಂದಲೇ ಬಂದಿವೆ ಎಂಬುದನ್ನು ಹೇಳಿ ‘ಲೀಡರ್’ ಪಾಠ ಮುಗಿಸಬೇಕೆಂದಿದ್ದೆ. ಆದರೆ ಅವರಿಗೆ ಹಿಡಿಸಿದ್ದು ‘ಮುಂದಾಳು’. ಆಳುವುದೂ ಆಳೇ, ಕೂಲಿಯವನೂ ಆಳೇ. ಅದರ ಹಿಂದೆ ‘ಮುಂದೆ’ ಹಚ್ಚಿದರೆ ಲೀಡರ್. “ಅಂದ್ರ ಪಗಾರ ಅಷ್ಟ, ಜಾಗಾ ಮುಂದ,” ಎಂದು ಯಾರೋ ಅಂದರು.

ಮರುವಾರ ಮೂವತ್ತು ಮಂದಿಯವರು ಹಾಳೆಯನ್ನು ಹೊಸದಾಗಿ ಬರೆದು ತಂದರು. ಕಂಟ್ರೋಲ್ ಹೋಗಿತ್ತು, ನಾನು ಹೇಳಿಕೊಟ್ಟ ಸೂಪರ್ವೈಸ್ ಕೂಡ ಇರಲಿಲ್ಲ. ‘ಐ ಹ್ಯಾವ್ ಥರ್ಟಿ ಮೆನ್ ಇನ್ ಮೈ ಶಿಫ್ಟ್. ಐ ಆನ್ಸರ್ ಫಾರ್ ದೆಮ್’ ಎಂದಿತ್ತು. ಇಂಗ್ಲಿಷ್ ಸರಿಯಾಗಿತ್ತು, ನಾನು ಯಾರಿಗೂ ಕಲಿಸಿರದ ವಾಕ್ಯ, ಜವಾಬ್ದಾರಿಯ ಸುತ್ತ ಅಂದು ಎಳೆದ ಗೆರೆಯಿಂದ ಹುಟ್ಟಿದ್ದು. ಹೀಗೇ ಇರಲಿ ಎಂದೆ. ಅವರು ಸ್ವಲ್ಪ ಹೊತ್ತು ಹಾಳೆ ನೋಡಿದರು, ಆಮೇಲೆ ಜೇಬಿನಿಂದ ಪೆನ್ನು ತೆಗೆದು ಎರಡನೆಯ ವಾಕ್ಯವನ್ನು ಹೊಡೆದುಹಾಕಿ ‘ಸೂಪರ್ವೈಸ್’ ಎಂದು ಬರೆದರು. “ಇಷ್ಟ ಖರೇ ಬರದ್ರ ಪಗಾರ ಯಾರ ಹೆಚ್ಚ ಕೊಡ್ತಾರ್ರಿ ಸರ,” ಎಂದರು.